ಅರ್ಧ ಹಸಿರಾದ ಬದನೆ ಎಲೆ

ಬಳ್ಳಾರಿಯಲ್ಲಿ ವರ್ಷದ ಮೊದಲ ಮಳೆ ಬಿದ್ದಾಗ ಎಲ್ಲರೂ ಮಣ್ಣಿನ ವಾಸನೆಯನ್ನು ಹೊಗಳುತ್ತಾರೆ. ನಾನು ಮಾತ್ರ ಗೇಟಿನ ಹತ್ತಿರ ಹೋಗಿ ನಿಲ್ಲುತ್ತೇನೆ. ಬಿಸಿಲಿಗೆ ಕಾದು ತುಕ್ಕು ಹಿಡಿದ ಕಬ್ಬಿಣದ ಮೇಲೆ ನಾಲ್ಕು ಹನಿ ಬಿದ್ದರೆ ಒಂದು ವಾಸನೆ ಏಳುತ್ತದೆ. ಚಿಕ್ಕಂದಿನಲ್ಲಿ ಬಿದ್ದು ತುಟಿ ಒಡೆದುಕೊಂಡಾಗ ಬಾಯಿಗೆ ಒಂದು ರುಚಿ ಬರುತ್ತಿತ್ತಲ್ಲ, ಅದೇ ರುಚಿಯ ವಾಸನೆ. ಅದು ಮೂಗಿಗೆ ತಾಗಿದರೆ ಸಾಕು, ಅರವತ್ತು ದಾಟಿದ ಈ ವಯಸ್ಸು ನನಗೆ ಮರೆತುಹೋಗುತ್ತದೆ, ಎದೆ ಡವಡವ ಅನ್ನತೊಡಗುತ್ತದೆ. ಕೈಯಲ್ಲಿ ಕಡ್ಡಿಗೆ ಸುತ್ತಿದ ಅರಿವೆ ಚೂರು, ಮುಂದೆ ಬದನೆ ಗಿಡ, ಹಿಂದೆ ಅಡುಗೆಮನೆಯ ಹೊಸ್ತಿಲೊಳಗೆ ನಿಂತು "ಅದಲ್ಲ, ಅದರ ಮ್ಯಾಲಿಂದು" ಎಂದು ಪಿಸುಗುಡುವ ನಮ್ಮ ಚಿಕ್ಕವ್ವ. ಕುರುಗೋಡಿನ ಆ ಮನೆ ಈಗ ಇಲ್ಲ. ನನ್ನ ಮೂಗಿಗೆ ಮಾತ್ರ ಅದು ಇನ್ನೂ ಗೊತ್ತಾಗಿಲ್ಲ.

ಆ ಮನೆಯ ಯಜಮಾನಿಕೆ ನಮ್ಮ ಅಜ್ಜಿಯದು. ಅಪ್ಪ, ಅವ್ವ, ಚಿಕ್ಕಪ್ಪ, ನಾವು ಮಕ್ಕಳು, ಎಲ್ಲರೂ ಅವಳ ಕಣ್ಣಳತೆಯಲ್ಲಿ ಇದ್ದವರು. ಹಿತ್ತಲಂತೂ ಪೂರ್ತಿ ಅವಳದೇ. ಒಂದು ಮೂಲೆಯಲ್ಲಿ ಬಿಲ್ವದ ಪತ್ರಿ ಗಿಡ, ಇನ್ನೊಂದು ಮೂಲೆಯಲ್ಲಿ ಬಾವಿ, ನಡುವೆ ಎರೆ ಮಣ್ಣಿನ ಮಡಿಗಳಲ್ಲಿ ಬದನೆ, ಮೆಣಸಿನಕಾಯಿ, ಚವಳಿ, ಪುಂಡಿಪಲ್ಯ, ಚಪ್ಪರಕ್ಕೆ ಹಬ್ಬಿದ ಹೀರೆ. ಅಜ್ಜಿಯ ಕೈಗುಣ ದೊಡ್ಡದೆಂದು ಊರೆಲ್ಲ ಹೆಸರು. ಜೂನ್ ಮೊದಲಿನ ಮಿರಗದ (ಮೃಗಶಿರದ) ಮಳೆ ಬಿದ್ದು ಸಸಿ ಹಚ್ಚುವ ಹೊತ್ತು ಬಂತೆಂದರೆ ಓಣಿಯ ಹೆಂಗಸರು ಬಂದು ಅವಳನ್ನು ಕರೆದೊಯ್ಯುತ್ತಿದ್ದರು. ಪ್ರತಿ ಹಿತ್ತಲಲ್ಲೂ ಮೊದಲ ಸಸಿ ಅವಳೇ ಹಚ್ಚಬೇಕು, ಉಳಿದವನ್ನು ಮನೆಯವರು ಹಚ್ಚಿಕೊಳ್ಳಬೇಕು. ಅವಳು ಸೆರಗಿನ ತುಂಬ ಕೊಬ್ಬರಿ ಬೆಲ್ಲ ಕಟ್ಟಿಕೊಂಡು, ಮಣ್ಣು ಮೆತ್ತಿದ ಕೈಯನ್ನು ತೊಳೆಯದೆ, ಎಲ್ಲರಿಗೂ ಕಾಣುವಂತೆ ಬೀಸುತ್ತ ಮನೆಗೆ ಬರುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥ ಒಬ್ಬಳು ಇದ್ದಿರಬೇಕು. ಅವಳು ಮುಟ್ಟಿದ ಉಪ್ಪಿನಕಾಯಿ ಕೆಡುವುದಿಲ್ಲ, ಅವಳು ಹೆಪ್ಪು ಹಾಕಿದ ಹಾಲು ಒಡೆಯುವುದಿಲ್ಲ ಎಂದು ಎಲ್ಲರೂ ನಂಬಿರುತ್ತಾರೆ, ಎಲ್ಲರಿಗಿಂತ ಹೆಚ್ಚಾಗಿ ಅವಳೇ ನಂಬಿರುತ್ತಾಳೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ, ಎಪ್ಪತ್ತರ ದಶಕದ ನಡುವೆ, ಚಿಕ್ಕಪ್ಪನ ಮದುವೆಯಾಗಿ ನೀಲಮ್ಮ ಚಿಕ್ಕವ್ವ ಮನೆಗೆ ಬಂದಳು. ತವರು ಸಿರುಗುಪ್ಪದ ಕಡೆಯ ತೆಕ್ಕಲಕೋಟೆ. ಕಾಲುವೆ ನೀರಿನ ಭತ್ತದ ಸೀಮೆಯಿಂದ ಬಂದವಳಿಗೆ ಮನೆಯೊಳಗೆ ಉಸಿರು ಕಟ್ಟಿದಂತಾಗುತ್ತಿತ್ತೋ ಏನೋ, ರೊಟ್ಟಿ ಬಡಿಯುವುದು ಮುಗಿದ ಕೂಡಲೇ ಹಿತ್ತಲಿಗೆ ಇಳಿದುಬಿಡುತ್ತಿದ್ದಳು. ಮಾತು ಕಡಿಮೆ. ಗಿಡಗಳ ನಡುವೆ ಕೂತಾಗ ಮಾತ್ರ ಅವಳ ಮುಖ ಅರಳುತ್ತಿತ್ತು, ಸಣ್ಣಗೆ ಹಾಡು ಕೂಡ ಬರುತ್ತಿತ್ತು. ಆ ವರ್ಷ ಬದನೆ ಸಸಿಗಳನ್ನೆಲ್ಲ ಅವಳೇ ಹಚ್ಚಿದಳು, ಐದು ಸಾಲು. ಅಜ್ಜಿಗೆ ಮೊಣಕಾಲು ನೋವು ಶುರುವಾಗಿತ್ತಾದ್ದರಿಂದ ಅವಳು ಸುಮ್ಮನೆ ಒಪ್ಪಿದ್ದಳು. ಒಂದೂವರೆ ತಿಂಗಳಾಗುವಷ್ಟರಲ್ಲಿ ಬಾಗಿಲ ಹತ್ತಿರದ ಎರಡು ಸಾಲು ಹಳದಿಗೆ ತಿರುಗಿದವು. ಹೂವು ಕಚ್ಚಲಿಲ್ಲ, ಕುಡಿ ಬಿಳಿಚಿಕೊಂಡಿತು. ಅಜ್ಜಿ ಒಲೆಯ ಬೂದಿ ತಂದು ಬುಡಕ್ಕೆ ಸುರಿದಳು, ಎಲೆಗೆ ಉದುರಿಸಿದಳು. ಬೂದಿಗಿಂತ ದೊಡ್ಡ ಔಷಧವಿಲ್ಲ ಎಂಬುದು ಅವಳ ಗಟ್ಟಿ ನಂಬಿಕೆ. ನಮ್ಮಂಥ ಶಿವಭಕ್ತರ ಮನೆಯಲ್ಲಿ ಹಣೆಯ ವಿಭೂತಿಯಿಂದ ಹಿಡಿದು ಪಾತ್ರೆಯ ತಳದವರೆಗೆ ಎಲ್ಲಕ್ಕೂ ಬೂದಿಯೇ ಅಲ್ಲವೇ. ಗಿಡ ಇನ್ನಷ್ಟು ಬಿಳಿಚಿತು. ಆಗ ಅಜ್ಜಿ, ಬಾವಿಗೆ ನೀರಿಗೆ ಬಂದ ನಾಲ್ಕು ಹೆಂಗಸರ ಎದುರಿಗೆ ಹೇಳಿಬಿಟ್ಟಳು, "ಈಕಿ ಕೈಗುಣ ಚಲೋ ಇಲ್ಲ. ನೀಲಮ್ಮ, ನಾಳೆಯಿಂದ ನೀ ಹಿತ್ತಲಕ್ಕ ಇಳಿಬ್ಯಾಡ."

ಹೊಸದಾಗಿ ಬಂದ ಸೊಸೆಗೆ ಕೈಗುಣ ಕೆಟ್ಟದೆಂಬ ಹೆಸರು ಬಂದರೆ ಅದು ಹಿತ್ತಲಿಗೇ ನಿಲ್ಲುವುದಿಲ್ಲ. ಹಾಲು ಒಡೆದರೆ ಅವಳ ಕೈ, ಎಮ್ಮೆ ಕಡಿಮೆ ಹಿಂಡಿದರೆ ಅವಳ ಕೈ, ನಾಳೆ ತೊಟ್ಟಿಲು ತೂಗುವುದು ತಡವಾದರೂ ಅದೇ ಕೈ. ನನಗಾಗ ಇದೆಲ್ಲ ತಿಳಿಯುತ್ತಿರಲಿಲ್ಲ. ಚಿಕ್ಕವ್ವನ ಹಾಡು ನಿಂತದ್ದು ಮಾತ್ರ ತಿಳಿಯಿತು. ಅವಳು ರೊಟ್ಟಿ ಬಡಿದು ಹೊಸ್ತಿಲವರೆಗೆ ಬಂದು, ಹೊಸ್ತಿಲ ಈಚೆಯೇ ನಿಂತು ಗಿಡಗಳನ್ನು ನೋಡುತ್ತಿದ್ದಳು. ಒಂದು ಮಧ್ಯಾಹ್ನ ನನ್ನನ್ನು ಕರೆದು, "ಗಿರಿಜಾ, ಹೋಗಿ ಒಂದು ಗಿಡದ್ದು ಕೆಳಗಿನ ಎಲಿ ಒಂದು, ತುದಿ ಎಲಿ ಒಂದು ಹರಕೊಂಡು ಬಾ" ಅಂದಳು. ತಂದುಕೊಟ್ಟೆ. ಎರಡನ್ನೂ ಹೊಸ್ತಿಲ ಮೇಲೆ ಪಕ್ಕಪಕ್ಕ ಇಟ್ಟಳು. ಕೆಳಗಿನ ಹಳೆಯ ಎಲೆ ಹಸಿರಾಗಿಯೇ ಇತ್ತು. ತುದಿಯ ಹೊಸ ಎಲೆ ಹಳದಿ, ಆದರೆ ಅದರ ನರಗಳು ಮಾತ್ರ ಹಸಿರು, ಯಾರೋ ಪೆನ್ನಿನಿಂದ ಗೀಚಿದ ಹಾಗೆ. ಚಿಕ್ಕವ್ವನ ಕಣ್ಣು ಅಗಲವಾದವು.

"ನಮ್ಮಪ್ಪ ಭತ್ತದ ಸಸಿಮಡಿ ಬೆಳ್ಳಗಾದಾಗ ಹೇಳ್ತಿದ್ದ," ಅಂದಳು. "ಹಳೆ ಎಲಿ ಹಳದಿ ಆದ್ರ ಗಿಡಕ್ಕ ಹೊಟ್ಟಿ ಹಸದೈತಿ, ಗೊಬ್ಬರ ಹಾಕು. ಹೊಸ ಎಲಿ ಹಳದಿ ಆದ್ರ ಗಿಡಕ್ಕ ಬಾಯಿ ಕಟ್ಟೈತಿ, ಎಷ್ಟು ಹಾಕಿದ್ರೂ ಉಣ್ಣಂಗಿಲ್ಲ." ಆಮೇಲೆ ಅವಳು ನನಗೊಂದು ಪ್ರಶ್ನೆ ಕೇಳಿದಳು. ಐದೂ ಸಾಲು ಹಚ್ಚಿದ್ದು ಒಂದೇ ಕೈ, ಹಳದಿಯಾಗಿದ್ದು ಎರಡೇ ಸಾಲು. ಕೈಗುಣವಾದರೆ ಐದೂ ಆಗಬೇಕಿತ್ತಲ್ಲ? ನನ್ನ ಮೈ ಜುಂ ಅಂದಿತು. ಸಾಲೆಯಲ್ಲಿ ಯಾವ ಮಾಸ್ತರರೂ ನನಗೆ ಹೀಗೆ ಒಂದು ಪ್ರಶ್ನೆ ಕೇಳಿ ಉತ್ತರವನ್ನು ನನ್ನ ಬಾಯಲ್ಲೇ ಬಿಟ್ಟಿರಲಿಲ್ಲ. ಅವತ್ತಿನಿಂದ ನಾನು ಪತ್ತೇದಾರಳಾದೆ. ಬಾಗಿಲ ಹತ್ತಿರದ ಆ ಎರಡು ಸಾಲಿಗೆ ಮಾತ್ರ ಏನು ಬೀಳುತ್ತದೆ ಎಂದು ಬೆಳಿಗ್ಗೆಯಿಂದ ಕಾಯುತ್ತ ಕೂತೆ. ಎರಡನೇ ದಿನವೇ ಸಿಕ್ಕಿತು.

ನಮ್ಮ ಮನೆಯಲ್ಲಿ ದೊಡ್ಡವರು ಚಿಕ್ಕವರು ಎಲ್ಲರೂ ಬೆಳಿಗ್ಗೆ ಲಿಂಗಪೂಜೆ ಮಾಡಿಯೇ ಉಣ್ಣಬೇಕು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನೀರೆರೆದು, ವಿಭೂತಿ ಹಚ್ಚಿ, ಮತ್ತೆ ತೊಳೆದು. ಎಂಟು ಮಂದಿಯ ಆ ನೀರು, ವಿಭೂತಿ ತಟ್ಟೆ ತೊಳೆದ ನೀರು, ಎಲ್ಲ ಒಂದು ಹಿತ್ತಾಳೆ ಬಟ್ಟಲಲ್ಲಿ ಸೇರಿ ಮಜ್ಜಿಗೆಯ ಬಣ್ಣಕ್ಕೆ ಬರುತ್ತಿತ್ತು. ಅದನ್ನು ಯಾರೂ ತುಳಿಯಬಾರದು. ಅದಕ್ಕೆ ಅಜ್ಜಿ ಎಷ್ಟೋ ವರ್ಷದಿಂದ ಹಿತ್ತಲ ಕೊನೆಯ ಪತ್ರಿ ಗಿಡದ ಬುಡಕ್ಕೆ ಸುರಿದು ಬರುತ್ತಿದ್ದಳು. ಮೊಣಕಾಲು ಕೈಕೊಟ್ಟ ಮೇಲೆ ಅಷ್ಟು ದೂರ ನಡೆಯಲಾರದೆ, ಬಾಗಿಲು ದಾಟಿದ ಕೂಡಲೇ ಸಿಗುವ ಬದನೆ ಮಡಿಗೇ ಬಗ್ಗಿಸಲು ಶುರು ಮಾಡಿದ್ದಳು. ನಾನು ಓಡಿಹೋಗಿ ಹೇಳಿದೆ. ಚಿಕ್ಕವ್ವನ ಹಿಟ್ಟಿನ ಕೈ ಹಾಗೇ ಗಾಳಿಯಲ್ಲಿ ನಿಂತಿತು. "ನಮ್ಮ ಎರಿ ಮಣ್ಣಾಗ ಮೊದಲ ಸುಣ್ಣದ ಗುಣ ಜಾಸ್ತಿ. ಅದರ ಮ್ಯಾಲೆ ದಿನಾ ವಿಭೂತಿ ನೀರು, ಈಗ ಒಲಿ ಬೂದಿ ಬ್ಯಾರೆ, ಅವೂ ಸುಣ್ಣದ ಜಾತಿನ. ಮಣ್ಣಾಗ ಕಬ್ಬಿಣದ ಅಂಶ ಇದ್ರೂ ಬೇರಿಗೆ ಹಿಡಿವಲ್ದು. ಇದನ್ನ ಯಾರ ಮುಂದ ಹೇಳ್ಲಿ ನಾನು?" ಅಂದಳು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಅದಿರು ತುಂಬಿದ ಲಾರಿಗಳು ರಸ್ತೆಯನ್ನೆಲ್ಲ ಕೆಂಪು ಮಾಡುತ್ತಿದ್ದ ಜಿಲ್ಲೆಯಲ್ಲಿ ನಮ್ಮ ಬದನೆ ಗಿಡಕ್ಕೆ ಕಬ್ಬಿಣದ ಬರ. ಅವತ್ತು ಇಬ್ಬರಿಗೂ ನಗು ಬರಲಿಲ್ಲ. ಲಿಂಗದ ನೀರಿನಿಂದ ಗಿಡ ಕೆಟ್ಟಿತು ಎಂದು ಹೊಸ ಸೊಸೆ ಹೇಳಿದರೆ, ಕೈಗುಣದ ಜೊತೆಗೆ ಭಕ್ತಿಯೂ ಇಲ್ಲವೆಂದಾಗುತ್ತಿತ್ತು.

ಬಾಯಿಂದ ಹೇಳಲಾಗದ್ದನ್ನು ಎಲೆಯಿಂದ ಹೇಳಿಸೋಣ ಎಂದು ಚಿಕ್ಕವ್ವ ಯೋಚಿಸಿದಳು. ಚಿಕ್ಕಪ್ಪ ನಮ್ಮಿಬ್ಬರನ್ನು ಸಿನಿಮಾಕ್ಕೆಂದು ಬಳ್ಳಾರಿಗೆ ಕರೆದುಕೊಂಡು ಹೋದ ದಿನ, ಅಜ್ಜಿಯ ಕೆಮ್ಮಿಗೆ ಔಷಧ ತರುವ ನೆಪದಲ್ಲಿ ಬ್ರೂಸ್‌ಪೇಟೆಯ ಗಲ್ಲಿಯೊಳಗಿನ ಒಂದು ಗ್ರಂಧಿಗೆ ಅಂಗಡಿಗೆ ಹೋದೆವು. ಗೋಣಿಚೀಲಗಳ ನಡುವೆ ಕಾಲಿಡಲು ಜಾಗವಿಲ್ಲ, ಒಣಶುಂಠಿ, ಹಿಪ್ಪಲಿ, ಸೀಗೆಪುಡಿ ಎಲ್ಲ ಸೇರಿ ನನಗೆ ಸೀನಿನ ಮೇಲೆ ಸೀನು. ಚಿಕ್ಕವ್ವ ತಗ್ಗಿದ ದನಿಯಲ್ಲಿ ಅನ್ನಭೇದಿ ಕೇಳಿದಳು, ಅವಳಪ್ಪ ಬೆಳ್ಳಗಾದ ಸಸಿಮಡಿಗೆ ಚಿಮುಕಿಸುತ್ತಿದ್ದ ಕಬ್ಬಿಣದ ಉಪ್ಪು. ಅಂಗಡಿಯವನು ಕನ್ನಡಕದ ಮೇಲಿಂದ ನೋಡಿ, "ಎಂದುಕಮ್ಮಾ?" ಎಂದು ತೆಲುಗಿನಲ್ಲಿ ಯಾಕೆಂದು ವಿಚಾರಿಸಿದ. "ಹುಡುಗಿಗೆ ಬರಿಯಾಕ ಮಸಿ ಮಾಡ್ಬೇಕ್ರಿ" ಎಂದು ನನ್ನ ತಲೆ ಸವರಿದಳು. ಎಷ್ಟು ಸಲೀಸಾಗಿ ಸುಳ್ಳು ಹೇಳಿದಳೆಂದು ನನಗೆ ಅವಳ ಮೇಲೆ ಅಭಿಮಾನ ಉಕ್ಕಿತು. ಕಾಗದದ ಪೊಟ್ಟಣದಲ್ಲಿ ತೆಳು ಹಸಿರು ಹರಳುಗಳು, ಕಲ್ಲುಸಕ್ಕರೆಯಂತೆ. ಬಾಯಿಗೆ ಹಾಕಬೇಡ ಅಂದಿದ್ದಳು. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿದಾಗ ನಾನು ಬೆರಳು ಒತ್ತಿ ನೆಕ್ಕಿಯೇಬಿಟ್ಟೆ. ಕುರುಗೋಡು ಬರುವವರೆಗೆ ಬಾಯೆಲ್ಲ ಕಬ್ಬಿಣ. ಆ ಸಿನಿಮಾದಲ್ಲಿ ಏನು ನಡೆಯಿತೆಂದು ಕೇಳಿದರೆ ನನಗೆ ಅವತ್ತೂ ಹೇಳಲು ಬರುತ್ತಿರಲಿಲ್ಲ.

ಮರುದಿನ ಅಜ್ಜಿ ಮಧ್ಯಾಹ್ನ ಮಲಗಿದಾಗ ಕೆಲಸ ಶುರು. ಒಂದು ಹಳೆಯ ಲೋಟದಲ್ಲಿ ನೀರು, ಎರಡು ಹರಳು ಅನ್ನಭೇದಿ, ನೀರು ಕಂದು ತಿರುಗದಂತೆ ನಿಂಬೆರಸದ ನಾಲ್ಕು ಹನಿ. ಚಿಕ್ಕವ್ವ ಹೊಸ್ತಿಲು ದಾಟುವಂತಿಲ್ಲ, ಹಾಗಾಗಿ ಕೈ ನನ್ನದು, ಕಣ್ಣು ಅವಳದು. ಮೂರು ಗಿಡ ಆರಿಸಿ, ಒಂದೊಂದರ ತುದಿಯ ಎಲೆಗೆ, ನಡುನರದ ಬಲಗಡೆ ಮಾತ್ರ ಹಚ್ಚಬೇಕು, ಎಡಗಡೆಗೆ ಒಂದು ಹನಿಯೂ ಸೋಕಬಾರದು. ಉಸಿರು ಹಿಡಿದು ಹಚ್ಚಿದೆ. ನಾಲಿಗೆ ಹೊರಗೆ ಬಂದಿತ್ತೆಂದು ಚಿಕ್ಕವ್ವ ಆಮೇಲೆ ಅಣಕಿಸಿದಳು. ಮುಂದಿನ ದಿನಗಳನ್ನು ನಾನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಸಾಲೆಯಿಂದ ಓಡಿಬಂದು ಚೀಲ ಬಿಸಾಕಿ ಹಿತ್ತಲಿಗೆ. ಮೊದಲ ದಿನ ಏನಿಲ್ಲ. ಎರಡನೇ ದಿನ ಏನಿಲ್ಲ. ಮೂರನೇ ದಿನ ಇದೆಯೋ ಇಲ್ಲವೋ ಅನ್ನುವಂಥ ಒಂದು ನೆರಳು. ಐದನೇ ದಿನ ಬಗ್ಗಿ ನೋಡಿದೆ. ನಡುನರದ ಬಲಕ್ಕೆ ಹಸಿರು, ಎಡಕ್ಕೆ ಹಳದಿ, ಗೆರೆ ಕೊರೆದಂತೆ. ಮೂರು ಎಲೆಯಲ್ಲೂ ಹಾಗೇ. ನಾನು ಕಿರುಚಬಾರದೆಂದು ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡು ಕುಣಿದೆ. ಹೊಸ್ತಿಲೊಳಗೆ ಚಿಕ್ಕವ್ವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇದ್ದಿರಬೇಕು. ಬದುಕಿನಲ್ಲಿ ಆಮೇಲೆ ನನಗೆ ಸಂತೋಷಗಳು ಬಂದಿವೆ, ಇಲ್ಲವೆನ್ನಲಾರೆ. ಆ ಐದನೇ ದಿನದಂಥದ್ದು ಇನ್ನೊಂದು ಬರಲಿಲ್ಲ.

ಒಂದು ಎಲೆಯನ್ನು ಕಿತ್ತು ನನ್ನ ಪುಸ್ತಕದಲ್ಲಿ ಒತ್ತಿಟ್ಟೆವು. ಉಳಿದ ಗಿಡಗಳಿಗೆಲ್ಲ ಪೂರ್ತಿ ಹಚ್ಚಿದೆ. ವಾರ ಕಳೆಯುವುದರೊಳಗೆ ಎರಡೂ ಸಾಲು ಬಣ್ಣ ತಿರುಗಿದವು. ಇಲ್ಲಿಂದ ಮುಂದಿನದನ್ನು ಹೇಳಲು ನನಗೆ ಇವತ್ತಿಗೂ ನಾಚಿಕೆ. ಗಿಡ ಚೇತರಿಸಿದ್ದನ್ನು ಕಂಡ ಅಜ್ಜಿ, ದಿನಾ ಹಿತ್ತಲಲ್ಲಿ ಓಡಾಡಿದವಳು ನಾನೇ ಎಂದು ಲೆಕ್ಕ ಹಾಕಿ, "ನನ್ನ ಕೈಗುಣ ಮೊಮ್ಮಗಳಿಗೆ ಬಂದೈತಿ" ಎಂದು ಓಣಿಗೆಲ್ಲ ಸಾರಿದಳು. ಬಲಬದಿಯ ಮನೆಯ ರತ್ನವ್ವ ನನ್ನನ್ನು ಕರೆದೊಯ್ದು ಹೀರೆ ಬೀಜ ಊರಿಸಿದಳು. ಸೆರಗಿಲ್ಲದ ನನಗೆ ಲಂಗದ ಮಡಿಲಿಗೆ ಕೊಬ್ಬರಿ ಬೆಲ್ಲ ಹಾಕಿದರು. ಹೇಳಬೇಕಿತ್ತು ನಾನು. ಹೇಳಲಿಲ್ಲ. ಮಣ್ಣಿನ ಕೈಯನ್ನು ತೊಳೆಯದೆ, ಬೀಸಿಕೊಂಡು ಮನೆಗೆ ಬಂದೆ. ಚಿಕ್ಕವ್ವ ನೋಡಿದಳು, "ಇರ್ಲಿ ಬಿಡು, ಸಣ್ಣಾಕಿ ನೀನು" ಅಂದು ರೊಟ್ಟಿ ತಿರುವಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ನಾಲ್ಕು ದಿನ ಆ ಕೀರ್ತಿಯನ್ನು ನಾನು ಉಂಡೆ, ಐದನೆಯ ದಿನ ಗಿಡಗಳ ತುದಿಯಲ್ಲಿ ಹೊಸದಾಗಿ ಮೂಡಿದ ಕುಡಿ ಮತ್ತೆ ಹಳದಿ. ಚಿಕ್ಕವ್ವ ಮೊದಲೇ ಎಚ್ಚರಿಸಿದ್ದಳು, ಅನ್ನಭೇದಿ ಹಚ್ಚಿದ ಎಲೆಗಷ್ಟೇ ಮದ್ದು, ಬುಡಕ್ಕೆ ಬೀಳುವ ನೀರು ನಿಲ್ಲದೆ ಗಿಡದ ರೋಗ ಹೋಗುವುದಿಲ್ಲ ಎಂದು. ಮರುದಿನ ನಾನು ತೋರಿದ ಪ್ರಾಮಾಣಿಕತೆಗೆ ಕಾರಣ ಇಷ್ಟೇ, ನನ್ನ ಕೈಗುಣವೂ ಕೆಟ್ಟಿತು ಅನ್ನುತ್ತಾರೆಂಬ ಹೆದರಿಕೆ.

ಅಜ್ಜಿ ಪೂಜೆ ಮುಗಿಸಿ ಬಟ್ಟಲು ಹಿಡಿದು ಎದ್ದಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತು, ಒಂದೇ ಉಸಿರಿಗೆ ಎಲ್ಲ ಹೇಳಿದೆ, ಅಂಗಡಿ, ಅನ್ನಭೇದಿ, ವಿಭೂತಿ ನೀರು, ಕೈ ನನ್ನದಾದರೂ ಬುದ್ಧಿ ಚಿಕ್ಕವ್ವನದು, ಎಲ್ಲ. ಅಜ್ಜಿಯ ಮುಖ ಕಪ್ಪಿಟ್ಟಿತು. "ಲಿಂಗದ ನೀರಿಗೆ ದೋಷ ಹೊರಿಸ್ತೀಯೇನಲೇ?" ಅಂದಳು. ನಾನು ಪುಸ್ತಕ ಬಿಚ್ಚಿ ಎಲೆ ಕೊಟ್ಟೆ. ಅವಳು ಬಟ್ಟಲನ್ನು ಕೆಳಗಿಟ್ಟು, ಎಲೆಯನ್ನು ಬಾಗಿಲ ಬೆಳಕಿಗೆ ಒಯ್ದು, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಗಿಡಗಳ ನಡುವೆಯೇ ಬದುಕು ಸವೆಸಿದವಳು, ಎಲೆಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ತನಗೇ ಹೇಳಿಕೊಳ್ಳುವಂತೆ, "ಕೈಗುಣ ಅರ್ಧ ಎಲಿಗೆ ಇರಂಗಿಲ್ಲ" ಅಂದಳು. ಆಮೇಲೆ ಒಳಗೆ ನಿಂತಿದ್ದ ಚಿಕ್ಕವ್ವನಿಗೆ, "ಅಂದ್ರ ಈ ನೀರು ಕೆಟ್ಟದ್ದೇನು?" ಎಂದು ಕೇಳಿದಳು. "ಕೆಟ್ಟದ್ದಲ್ರಿ ಅತ್ತಿ," ಅಂದಳು ಚಿಕ್ಕವ್ವ, ತಲೆ ಎತ್ತದೆ. "ನಮಗ ಉಪ್ಪು ಬೇಕು, ಹಂಗಂತ ಸೇರು ಉಪ್ಪು ತಿಂದ್ರ ತಡಿತೀವೇನ್ರಿ? ಪತ್ರಿ ಗಿಡ ತಡಿತೈತಿ, ಬದನಿ ತಡಿಯಂಗಿಲ್ಲ." ಅಜ್ಜಿ ಬಟ್ಟಲು ಎತ್ತಿಕೊಂಡಳು, ಗೋಡೆ ಹಿಡಿದು ಮೆಟ್ಟಿಲಿಳಿದಳು. ಬದನೆ ಮಡಿ ದಾಟಿ, ಒಂದು ಹೆಜ್ಜೆಗೊಮ್ಮೆ ನಿಂತು, ಹಿತ್ತಲ ಕೊನೆಯವರೆಗೆ ನಡೆದು ಪತ್ರಿ ಗಿಡದ ಬುಡಕ್ಕೆ ನೀರು ಬಗ್ಗಿಸಿದಳು. ನಾನು ಒಯ್ಯುತ್ತೇನೆಂದು ಹೋದರೆ ಕೊಡಲಿಲ್ಲ. ಅಲ್ಲಿಂದ ಮುಂದೆ ದಿನಾ ಹಾಗೇ.

ಬದನೆಗೆ ಹೂವು ಬಂತು, ಕಾಯಿ ಬಂತು, ಎಣ್ಣೆಗಾಯಿ ಪಲ್ಯವನ್ನು ನಾವು ಬೇಜಾರಾಗುವಷ್ಟು ತಿಂದೆವು. ಆದರೆ ಅಜ್ಜಿ ಚಿಕ್ಕವ್ವನಿಗೆ ಹಿತ್ತಲಿಗೆ ಇಳಿ ಎಂದು ಹೇಳಲಿಲ್ಲ, ಹೇಳದೆ ಅವಳು ಇಳಿಯಲಿಲ್ಲ. ಊರ ಬಾಯಲ್ಲಿ ಕೆಟ್ಟ ಕೈಯ ಹೆಸರು ಹಾಗೇ ಇತ್ತು. ಹೀಗೆ ಬೇಸಿಗೆ ಕಳೆದು ಮಿರಗ ಬಂತು. ಒಂದು ಬೆಳಿಗ್ಗೆ ರತ್ನವ್ವನೂ ಇನ್ನು ಐದಾರು ಹೆಂಗಸರೂ ಅಜ್ಜಿಯನ್ನು ಕರೆಯಲು ಬಂದರು. ಅಜ್ಜಿ ಕಟ್ಟೆಯ ಮೇಲೆ ಕೂತಿದ್ದಳು. ಏಳಲಿಲ್ಲ. "ನೀಲಮ್ಮ, ಕೈ ತೊಳಕೊಂಡು ಬಾ" ಎಂದು ಒಳಗೆ ಕೂಗಿದಳು. ಚಿಕ್ಕವ್ವ ಹಿಟ್ಟು ತೊಳೆದ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಅಜ್ಜಿ ಹೆಂಗಸರ ಕಡೆ ತಿರುಗಿ ಹೇಳಿದಳು, "ಹ್ವಾದ ವರ್ಷ ಗಿಡ ಹಳದಿ ಆಗಿದ್ದು ನನ್ನ ಕೈಯಿಂದ. ಹೆಸರು ಮಾತ್ರ ಈಕಿ ಮ್ಯಾಲೆ ಹಾಕಿದ್ದೆ. ಅವನ್ನ ಉಳಿಸಿದ ಕೈ ಇದು. ಈಕಿನ್ನ ಕರಕೊಂಡು ಹೋಗ್ರಿ."

"ಹಂಗ್ಯಾಕಂತಿ ಅವ್ವಾ, ನಿನ್ನ ಕೈ ಅಂದ್ರ..." ಎಂದು ರತ್ನವ್ವ ರಾಗ ತೆಗೆದಳು. "ಇದ್ದದ್ದು ಹೇಳೀನಿ. ಹೊತ್ತು ಏರತೈತಿ, ನಡೀರಿ" ಎಂದು ಅಜ್ಜಿ ಮಾತು ಮುಗಿಸಿದಳು. ಆ ಬೆಳಿಗ್ಗೆ ಚಿಕ್ಕವ್ವ ಏಳು ಹಿತ್ತಲಲ್ಲಿ ಮೊದಲ ಸಸಿ ಹಚ್ಚಿದಳು. ಏಳೂ ಕಡೆ ನಾನು ಅವಳ ಬೆನ್ನಿಗಿದ್ದೆ. ದಾರಿಯುದ್ದಕ್ಕೂ ಅವಳ ಅರ್ಧ ಎಲೆಯ ಕತೆಯನ್ನು ಕೇಳಿದವರಿಗೆ, ಕೇಳದವರಿಗೆ, ಎಮ್ಮೆ ಮೇಯಿಸುವವರಿಗೆ ಕೂಡ ಹೇಳಿದೆ.

ಅಜ್ಜಿ ಆಮೇಲೆ ಮೂರೇ ವರ್ಷ ಇದ್ದದ್ದು. ಚಿಕ್ಕವ್ವ ಮುದುಕಿಯಾಗುವವರೆಗೂ ಆ ಓಣಿಗೆ ಮೊದಲ ಸಸಿ ಹಚ್ಚಿದಳು, ಎಲೆ ಹಳದಿಯಾದರೆ ಜನ ಟವೆಲಿನಲ್ಲಿ ಕಟ್ಟಿಕೊಂಡು ಅವಳ ಹತ್ತಿರ ಬರುತ್ತಿದ್ದರು. ಅವಳು ಹೋಗಿ ಈಗ ಎರಡು ವರ್ಷ. ಮನೆ ಪಾಲಾಗಿ, ಮಾರಿ, ಹಿತ್ತಲಿದ್ದಲ್ಲಿ ಜೀನ್ಸ್ ಹೊಲಿಯುವ ಶೆಡ್ ಬಂದಿದೆ. ನಾನು ಹೋಗಿ ನೋಡಿಬಂದೆ. ಒಳಗೆ ಕರೆದು ನೀರು ಕೊಟ್ಟರು, ಒಳ್ಳೆಯ ಜನ.

ಆದರೆ ನನ್ನನ್ನು ಬಿಡದೆ ಕಾಡುವುದು ಆ ಮೂರು ವರ್ಷದ ಮಿರಗಗಳು. ಹೆಂಗಸರು ಬರುತ್ತಿದ್ದರು, ಸಂಭ್ರಮ, ಗಲಾಟೆ, ನಗು. ಅವರು ಬಂದದ್ದು ಚಿಕ್ಕವ್ವನನ್ನು ಕರೆಯಲು. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದ ಅಜ್ಜಿ, ಅವರು ಬಂದದ್ದು ಕಂಡ ಕೂಡಲೇ ನೋಯುವ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದು ಮಡಚಿ, ಒಳಗೆ ಹೋಗಲು ಅವರಿಗೆ ದಾರಿ ಬಿಡುತ್ತಿದ್ದಳು. ಮತ್ತೆಂದೂ ಯಾರೂ ಅವಳನ್ನು ಸಸಿ ಹಚ್ಚಲು ಕರೆಯಲಿಲ್ಲ, ಅವಳ ಮಾತನ್ನು ಅವರು ಅಷ್ಟೊಂದು ನಂಬಿದ್ದರು. ನಾನು ಚಿಕ್ಕವ್ವನ ಕೈ ಹಿಡಿದು, ಎಲ್ಲರಿಗಿಂತ ಮುಂದೆ, ಕುಣಿಯುತ್ತ ಓಡುತ್ತಿದ್ದೆ. ಒಂದು ಸಲವಾದರೂ ಆ ಕಟ್ಟೆಯ ಕಡೆ ತಿರುಗಿ ನೋಡಲಿಲ್ಲ.